ಹಾಲಪ್ಪನವರ ಟೇಪು

ದಾವಣಗೆರೆ ಕಡೆಯ ಹಾಲಪ್ಪನವರು ಕೊಚ್ಚಿಯ ಒಂದು ಕೇಂದ್ರ ಸರ್ಕಾರಿ ಕಚೇರಿಯ ರವಾನೆ ವಿಭಾಗದಲ್ಲಿದ್ದು ನಿವೃತ್ತರಾದವರು. ಅವರು ಅರಗು ಹಾಕಿದ ಲಕೋಟೆಯನ್ನು ತೆರೆಯುವವನು ಬೆವರಲೇಬೇಕಿತ್ತು. ಅದನ್ನೇ ಅವರು ದೇಶಸೇವೆ ಎಂದು ತಿಳಿದಿದ್ದರು. ಮನೆಯಲ್ಲಿ ಸುಮ್ಮನೆ ಕೂರಲಾಗದೆ ಈಗ ಮಗಳು ನಂದಿತಾಳ ವ್ಯಾಪಾರಕ್ಕೆ ಕೈ ಹಾಕಿದರು. ಅವಳು ಕೊಚ್ಚಿಯ ವೈಟ್ಟಿಲ ಬಡಾವಣೆಯ ಮನೆಯಲ್ಲೇ ಕೆಟ್ಟ ಫೋನುಗಳನ್ನು ಬಿಚ್ಚಿ, ಒಳಗಿನ ಒಳ್ಳೆಯ ಕ್ಯಾಮೆರಾಗಳನ್ನು ರಿಪೇರಿ ಅಂಗಡಿಗಳಿಗೆ ಮಾರುತ್ತಿದ್ದಳು. ಪ್ಯಾಕಿಂಗ್ ಅಪ್ಪನ ಪಾಲಿಗೆ ಬಂತು.

ಉಗುರಿನಷ್ಟಿರುವ ಕ್ಯಾಮೆರಾ ಮೊದಲು ಬೆಳ್ಳಿ ಬಣ್ಣದ ಕವರಿನೊಳಗೆ ಹೋಗುತ್ತಿತ್ತು. ಅದರ ಮೇಲೆ ಸ್ಪಂಜು, ಗುಳ್ಳೆಗಳ ಪ್ಲಾಸ್ಟಿಕ್ಕು, ಡಬ್ಬಿ, ಆ ಡಬ್ಬಿಗೊಂದು ಡಬ್ಬಿ, ಕೊನೆಗೆ ಕಂದು ಟೇಪು, ಸುತ್ತಿನ ಮೇಲೆ ಸುತ್ತು.

ಆದರೂ ತಿರುವನಂತಪುರದ ಶ್ರೀಕಾರ್ಯಂನಲ್ಲಿ ಫೋನ್ ರಿಪೇರಿ ಅಂಗಡಿ ಇಟ್ಟಿದ್ದ ಅಂಕೋಲೆಯ ವಿನಾಯಕ್ ಫೋನ್ ಮಾಡುತ್ತಲೇ ಇದ್ದ. “ಮತ್ತೆ ಗಾಜಿಗೆ ಗೀರು ಬಿದ್ದದೆ ಮಾರಾಯ್ರೆ. ಕೊರಿಯರಿನವ್ರು ಫುಟ್‌ಬಾಲ್ ಆಡ್ತಾರೆ ಕಾಣ್ತದೆ.”

ಪ್ರತಿ ದೂರಿಗೂ ಹಾಲಪ್ಪನವರು ಟೇಪು ಹೆಚ್ಚಿಸಿದರು, ಕೊರಿಯರಿನವರ ಮೇಲೆ ಹಲ್ಲು ಕಡಿದರು. “ಅಪ್ಪಾ, ಮದಿ, ಮದಿ!” ಎಂದು ಮಗಳು ಸಾಕೆನ್ನುತ್ತಿದ್ದುದು ಮಲಯಾಳಂನಲ್ಲಿ. ಇಷ್ಟು ವರ್ಷ ಕೊಚ್ಚಿಯಲ್ಲಿದ್ದರೂ ಆ ಒಂದು ಪದ ಮಾತ್ರ ಅವರಿಗೆ ಅರ್ಥವಾಗುತ್ತಿರಲಿಲ್ಲ.

“ನಾನೇ ಒಯ್ದು ಕೊಟ್ ಬರ್ತೀನಿ, ಅದೇನ್ ಆಗತ್ತೋ ನೋಡೇ ಬಿಡ್ತೀನಿ” ಎಂದು ಒಂದು ದಿನ ಬಸ್ಸು ಹತ್ತಿಬಿಟ್ಟರು. ದಾರಿಯುದ್ದಕ್ಕೂ ಪೊಟ್ಟಣವನ್ನು ತೊಡೆಯಿಂದ ಇಳಿಸಲಿಲ್ಲ. ಊಟಕ್ಕೆ ಬಸ್ಸು ನಿಂತಾಗಲೂ ಏಳಲಿಲ್ಲ.

ವಿನಾಯಕ್ ಕುರ್ಚಿ ಕೊಟ್ಟ, ಚಹಾ ತರಿಸಿದ, ಪೊಟ್ಟಣ ಕೈಗೆತ್ತಿಕೊಂಡ. ಉಗುರಿನಿಂದ ಕೆರೆದ, ಟೇಪು ಏಳಲಿಲ್ಲ. ಹಲ್ಲು ಹಾಕಿದ. ಕತ್ತರಿಯೂ ಸೋತಿತು. ಕಡೆಗೆ ಮೇಜಿನ ಕೆಳಗಿಂದ ಹಲಸಿನಹಣ್ಣು ಸೀಳುವಂಥ ಚೂರಿ ತೆಗೆದು, ಎರಡು ಮೊಣಕಾಲುಗಳ ನಡುವೆ ಪೊಟ್ಟಣ ಹಿಡಿದು ಚುಚ್ಚಿದ. ಒಳಗೇನೋ ಕರ್ರೆಂದಿತು.

“ನೋಡಿ, ಮತ್ತೆ ಗೀರು!” ಎಂದು ಕ್ಯಾಮೆರಾವನ್ನು ಬೆಳಕಿಗೆ ಹಿಡಿದ. “ಈ ಕೊರಿಯರಿನವ್ರಿಗೆ ಎಂತ ಹೇಳೂದು?”

ಈ ಸಲದ ಕೊರಿಯರು ತಾವೇ ಎನ್ನಲು ಹಾಲಪ್ಪನವರು ಬಾಯಿ ತೆರೆದರು. ಅಷ್ಟರಲ್ಲಿ, ಗೀರಿದ್ದು ಅವನ ಚೂರಿಯೋ ತಮ್ಮ ಟೇಪೋ ಎಂಬ ಅನುಮಾನ ಮೂಡಿ, ತೆರೆದ ಬಾಯಿಗೆ ಚಹಾ ಸುರಿದುಕೊಂಡರು. “ಹಿಂಗಾದ್ರೆ ಹೆಂಗ್ರೀ” ಎಂದಷ್ಟೇ ಹೇಳಿ ವಾಪಸು ಬಸ್ಸು ಹಿಡಿದರು.

ಮರುದಿನದಿಂದ ಕ್ರಮ ಬದಲಾಯಿತು. ಗಾಜಿನ ಮೇಲೊಂದು ತೆಳು ಪ್ಲಾಸ್ಟಿಕ್ ಪರೆ, ಬೆಳ್ಳಿ ಕವರು, ಸ್ಪಂಜಿನಲ್ಲಿ ಕೊರೆದ ಗುಳಿ, ಒಂದೇ ಡಬ್ಬಿ, ಒಂದೇ ಪಟ್ಟಿ ಟೇಪು; ಎಳೆದರೆ ಬರುವಂತೆ ಅದರ ತುದಿಯನ್ನೂ ಮಡಚಿದರು. ಅಷ್ಟು ಸಡಿಲಾಗಿ ಕಳಿಸುವಾಗ, ಅಂಗಿ ಇಲ್ಲದೆ ಬೀದಿಗೆ ಹೊರಟಷ್ಟು ನಾಚಿಕೆಯಾಯಿತು.

ಗೀರುಗಳು ನಿಂತವು. ವಿನಾಯಕನ ಫೋನೂ ಬಂತು. “ನೀವು ಬಂದು ಹೋದ ಮೇಲೆ ಎಲ್ಲ ಸರಿಯಾಯ್ತು ನೋಡಿ. ಹೋಗುವಾಗ ಕೊರಿಯರಿನವ್ರಿಗೆ ಸಮಾ ಬೈದ್ರಿ ಅಲ್ವಾ?”

ಪಕ್ಕದಲ್ಲಿದ್ದ ನಂದಿತಾ ಅಪ್ಪನ ಮುಖ ನೋಡಿದಳು.

“ಹ್ಞೂಂ ಮತ್ತೆ, ಬಿಡ್ತೀನೇನ್ರಿ?” ಎಂದರು ಹಾಲಪ್ಪನವರು.