ಕರಿಕೊಳದ ದಾರಿ ಗುಡಿಸುವ ಸಿರ್ಪಾ

ಗುಡಿಸುವ ಯಂತ್ರವನ್ನು ತಿರುವಿನ ಅರ್ಧದಲ್ಲೇ ನಿಲ್ಲಿಸಿ ಸಿರ್ಪಾ ಕೆಳಗಿಳಿಯುತ್ತಾಳೆ. ಹಿಮ ಗುಡಿಸಿದ ದಾರಿಯಲ್ಲಿ ಜನ ಜಾರದಿರಲಿ ಎಂದು ಯಂತ್ರದ ಹಿಂಬದಿಯಿಂದ ಒರಟು ಮರಳು ಉದುರುತ್ತದೆ. ಎಡ ಅಂಚಿನ ಒಂದು ಮೊಳದಷ್ಟು ಜಾಗಕ್ಕೆ ಮಾತ್ರ ಆ ಮರಳು ಬೀಳಬಾರದು. ಅವಳು ಕೈಗವಸು ಬಿಚ್ಚಿ ಹಲ್ಲಲ್ಲಿ ಕಚ್ಚಿಕೊಂಡು, ಹೆಪ್ಪುಗಟ್ಟಿದ ತಗಡನ್ನು ಅಂಗೈಯಿಂದ ಗುದ್ದಿ ಗುದ್ದಿ ಎಡಗಡೆಯ ತೂತನ್ನು ಮುಚ್ಚುತ್ತಾಳೆ. ಗಡಿಯಾರದ ಪ್ರಕಾರ ಬೆಳಗಾಗಿದೆ. ಆಕಾಶಕ್ಕೆ ಅದು ಗೊತ್ತಾಗಲು ಇನ್ನೂ ಬಹಳ ಹೊತ್ತು ಬೇಕು.

ತಲೆ ಎತ್ತಿದಾಗ ಮುಂದಿನ ದೀಪ ಹತ್ತಿಕೊಳ್ಳುತ್ತದೆ.

ಕರಿಕೊಳದ ಸುತ್ತ ಸ್ಪ್ರೂಸ್ ಮರಗಳ ನಡುವೆ ಹೋಗುವ ಈ ದಾರಿಯ ದೀಪಗಳು ಯಾರೂ ಇಲ್ಲದಾಗ ಕಣ್ಣು ಅರೆಮುಚ್ಚಿಕೊಂಡಿರುತ್ತವೆ. ಯಾರಾದರೂ ಕೆಳಗೆ ಬಂದರೆ ಪೂರ್ತಿ ಬೆಳಗುತ್ತವೆ, ದಾಟಿ ಹೋದ ಮೇಲೆ ಮತ್ತೆ ಮಂಕಾಗುತ್ತವೆ. ಈಗ ಒಂದು ದೀಪ ಬೆಳಗುತ್ತದೆ, ಮಂಕಾಗುತ್ತದೆ. ಆಮೇಲೆ ಅದರ ಮುಂದಿನದು. ಆಮೇಲೆ ಅದರಾಚೆಯದು. ಬೆಳಕು ನಿಧಾನವಾಗಿ, ಆತುರವಿಲ್ಲದೆ, ಕೊಳದ ತಿರುವಿನತ್ತ ನಡೆದುಹೋಗುತ್ತದೆ. ಬೆಳಕಿನ ಕೆಳಗೆ ಯಾರೂ ಇಲ್ಲ.

ಸಿರ್ಪಾ ಕೈಗವಸು ಹಾಕಿಕೊಂಡು ಯಂತ್ರ ಹತ್ತುತ್ತಾಳೆ. ಕೆಲಸ ಬಾಕಿ ಇದೆ.

ಫಿನ್ಲೆಂಡಿನ ಪಶ್ಚಿಮ ಕರಾವಳಿಯ ಉತ್ತರ ತುದಿಯ ಹಾಪಸಾಲ್ಮಿಯಲ್ಲಿ ಚಳಿಗಾಲದಲ್ಲೂ ಯಾರೂ ಸೈಕಲ್ ಒಳಗಿಡುವುದಿಲ್ಲ. ಮೈನಸ್ ಇಪ್ಪತ್ತರಲ್ಲೂ ಶಾಲೆಯ ಮಕ್ಕಳು ರೆಪ್ಪೆಯ ಮೇಲೆ ಮಂಜು ಕಟ್ಟಿಕೊಂಡು ತುಳಿಯುತ್ತಾರೆ, ದಾದಿಯರು ಆಸ್ಪತ್ರೆಗೆ ತುಳಿಯುತ್ತಾರೆ, ಪಾದ್ರಿ ಇಗರ್ಜಿಗೆ ತುಳಿಯುತ್ತಾನೆ. ಅವರೆಲ್ಲ ಬಾಗಿಲು ತೆಗೆಯುವ ಹೊತ್ತಿಗೆ ದಾರಿ ಚೊಕ್ಕಟವಾಗಿರುತ್ತದೆ. ಹಿಮ ತಾನಾಗಿಯೇ ಪಕ್ಕಕ್ಕೆ ಸರಿದು ಕೂತಿದೆ ಎಂಬಂತೆ ಅವರು ಹೊರಟುಬಿಡುತ್ತಾರೆ. ಊರಿನ ಪೂರ್ವ ಭಾಗದ ಸೈಕಲ್ ದಾರಿ, ಕಾಲುದಾರಿಗಳೆಲ್ಲ ಸೇರಿ ಸುಮಾರು ಮೂವತ್ತು ಕಿಲೋಮೀಟರು ಸಿರ್ಪಾ ಲೆಹ್ತೋಲಾಳ ಪಾಲಿನದು. ಹದಿನೈದು ಚಳಿಗಾಲಗಳಿಂದ ಅವಳೇ ಗುಡಿಸುತ್ತಿದ್ದಾಳೆ.

"ಗುಡಿಸಿದ ದಿನ ಯಾರಿಗೂ ನಾನಿರೋದು ಗೊತ್ತಿರಲ್ಲ," ಎನ್ನುತ್ತಾಳೆ ಅವಳು. "ಗುಡಿಸದೇ ಇದ್ದ ದಿನ ಎಲ್ಲರಿಗೂ ನನ್ನ ಫೋನ್ ನಂಬರ್ ಗೊತ್ತಿರುತ್ತೆ."

ಮೊದಲು ಮೀನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿದ್ದಳು. ಅದು ಮುಚ್ಚಿದಾಗ ಅವಳಿಗೆ ನಲವತ್ತು ದಾಟಿತ್ತು. ಯಂತ್ರ ಓಡಿಸಲು ಕಲಿತಳು. ಹಿಮ ಯಾವಾಗ ಬೀಳುತ್ತದೋ ಆವಾಗ ಏಳಬೇಕು, ಹಬ್ಬದ ದಿನವೂ ಏಳಬೇಕು. "ನಿನ್ನ ಜೊತೆ ಬದುಕೋದು ಅಂದ್ರೆ ಹವಾಮಾನದ ಜೊತೆ ಬದುಕಿದ ಹಾಗೆ," ಎಂದು ಗಂಡ ಇಲ್ಕ ಒಂದು ಏಪ್ರಿಲ್‌ನಲ್ಲಿ ಬಟ್ಟೆ ತುಂಬಿಕೊಂಡು ಹೊರಟ. ಅವಳಿಗೆ ಅಳು ಬರಲಿಲ್ಲ. ಮರುದಿನ ಹಿಮ ಬಿತ್ತು, ಎದ್ದು ಹೋದಳು. ಯಂತ್ರದ ಗಾಜಿನ ಗೂಡಿನಲ್ಲಿ ಕೂತಾಗ ತಾನು ಯಾರಿಗೂ ಏನನ್ನೂ ವಿವರಿಸಬೇಕಾಗಿಲ್ಲ ಎನ್ನುವುದು ಅವಳಿಗೆ ಆ ದಿನ ಮೊದಲ ಸಲ ಹೊಳೆಯಿತು. ಅಂದಿನಿಂದ ಆ ಸೀಟು ಅವಳಿಗೆ ಮನೆಗಿಂತ ಹೆಚ್ಚು ಮನೆ.

ಎಡ ಅಂಚಿನ ಆ ಒಂದು ಮೊಳ ಗುತ್ತಿಗೆಯ ಕರಾರಿನಲ್ಲಿಲ್ಲ. ಕರಾರಿನ ಪ್ರಕಾರ ಪೂರ್ತಿ ಅಗಲಕ್ಕೂ ಮರಳು ಬೀಳಬೇಕು. ಆದರೆ ಈ ಊರಿನ ಮುದುಕಿಯರು ಒದೆಬಂಡಿಯಲ್ಲಿ ಓಡಾಡುತ್ತಾರೆ. ಅದು ಎರಡು ಉದ್ದನೆಯ ಉಕ್ಕಿನ ಪಟ್ಟಿಗಳ ಮೇಲೆ ಕೂರಿಸಿದ ಕುರ್ಚಿ. ಕುರ್ಚಿಯಲ್ಲಿ ಹಾಲು, ಬ್ರೆಡ್ಡು ಇಟ್ಟು, ಹಿಂದೆ ಒಂದು ಪಟ್ಟಿಯ ಮೇಲೆ ನಿಂತು, ಇನ್ನೊಂದು ಕಾಲಿನಿಂದ ನೆಲ ಒದೆಯುತ್ತ ಜಾರಿಕೊಂಡು ಹೋಗುವುದು. ಮರಳು ಸಿಕ್ಕಿದರೆ ಬಂಡಿ ಗಕ್ಕನೆ ನಿಂತು ಮುದುಕಿ ಮುಂದಕ್ಕೆ ಬೀಳುತ್ತಾಳೆ. ಹಾಗಾಗಿ ಹಳೆಯ ಕೆಲಸಗಾರರು ಮೇಲಿನವರಿಗೆ ಹೇಳದೆ ಅಂಚು ಬಿಡುತ್ತ ಬಂದಿದ್ದಾರೆ.

ಕರಿಕೊಳದ ದಾರಿಯಲ್ಲಿ ಆ ಅಂಚು ಬೇಕಾಗಿದ್ದದ್ದು ಔನೆ ಎಂಬ ಒಬ್ಬಳಿಗೆ. ಕೊಳದ ಆಚೆ ದಡದ ಹಳದಿ ಮನೆಯವಳು. ದಿನಾ ಬೆಳಿಗ್ಗೆ ಅಂಗಡಿಗೆ ಹೊರಡುತ್ತಿದ್ದಳು. ಒಮ್ಮೆ ಮಾತ್ರ ಸಿರ್ಪಾಳ ಯಂತ್ರಕ್ಕೆ ಕೈ ಅಡ್ಡ ಹಿಡಿದು ನಿಲ್ಲಿಸಿ ಮಾತಾಡಿದ್ದಳು. "ಎಡಗಡೆ ಚೂರು ನನಗೆ ಬಿಡಮ್ಮ. ಮರಳಿನ ಮೇಲೆ ಈ ಬಂಡಿ ಹಲ್ಲು ಕಡಿಯುತ್ತೆ, ನನಗೆ ನಿದ್ದೆ ಬರಲ್ಲ." ಹೋದ ಶರತ್ಕಾಲದಲ್ಲಿ ಔನೆ ತೀರಿಕೊಂಡಳು. ಹಳದಿ ಮನೆಯ ಪರದೆಗಳನ್ನು ಯಾರೋ ಬಂದು ಬಿಚ್ಚಿಕೊಂಡು ಹೋದರು.

ಡಿಸೆಂಬರ್ ಶುರುವಾದಾಗಿನಿಂದ ಹೊಸ ಹಿಮದ ಮೇಲೆ, ಅದೇ ಎಡ ಅಂಚಿನಲ್ಲಿ, ಎರಡು ತೆಳ್ಳಗಿನ ಗೆರೆಗಳು ಕಾಣುತ್ತಿವೆ. ಪಕ್ಕದಲ್ಲಿ ನೆಲ ಒದ್ದ ಒಂದು ಕಾಲಿನ ಗುರುತು. ಸಿರ್ಪಾ ಬರುವ ಮೊದಲೇ ಯಾರೋ ಹೋಗಿರುತ್ತಾರೆ. ಗೆರೆಗಳು ಮರಗಳ ನಡುವಿನಿಂದ ಎದ್ದು ಅಂಗಡಿಯ ದಿಕ್ಕಿಗೆ ಸಾಗಿ, ಹೆದ್ದಾರಿಯ ಅಡಿಯಲ್ಲಿ ದಾರಿ ಹಾದುಹೋಗುವ ಸುರಂಗದ ಬಾಯಿಯಲ್ಲಿ ಮುಗಿಯುತ್ತವೆ. ಸುರಂಗದಾಚೆ ಏನೂ ಇಲ್ಲ. ಫೋನಿನಲ್ಲಿ ಫೋಟೋ ತೆಗೆದರೆ ಬಿಳಿಯ ಮೇಲೆ ಬಿಳಿ ಮಾತ್ರ ಬರುತ್ತದೆ. ಹೆಚ್ಚು ಹೊತ್ತು ನೋಡುತ್ತ ನಿಲ್ಲುವ ಹಾಗೂ ಇಲ್ಲ. ಪೊರಕೆ ಇಳಿಸಿದರೆ ಗೆರೆಗಳು ಹೋಗುತ್ತವೆ, ಇಳಿಸದಿದ್ದರೆ ಕೆಲಸ ಆಗುವುದಿಲ್ಲ. ಇದ್ದ ಒಂದೇ ಸಾಕ್ಷಿಯನ್ನು ಅವಳ ಕೈಯೇ ದಿನಾ ಅಳಿಸುತ್ತದೆ.

ಒಂದು ಶುಕ್ರವಾರ, ಕಾಫಿಯ ಹೊತ್ತಿಗೆ, ಕೆಲಸಗಾರರ ಕೋಣೆಯಲ್ಲಿ ಮೇಲ್ವಿಚಾರಕಿ ಯೊನ್ನಾ ಏಲಕ್ಕಿ ಬನ್ನಿನ ತಟ್ಟೆ ಮುಂದಿಟ್ಟು ಕೂತಳು. ಒಳ್ಳೆಯ ಹುಡುಗಿ. ಕೆಟ್ಟ ಸುದ್ದಿ ಇದ್ದರೆ ಬನ್ನು ತರುತ್ತಾಳೆ.

"ಕೊಳದ ದಾರಿ ಈ ತಿಂಗಳ ಕೊನೇವರೆಗೆ ಅಷ್ಟೇ. ಆಮೇಲೆ ಗುಡಿಸೋದು ಬೇಡ ಅಂತಿದಾರೆ ನಗರಸಭೆಯವರು. ದೀಪಾನೂ ಆರಿಸ್ತಾರೆ. ಜನರನ್ನ ಎಣಿಸೋ ಕಂಬ ಇದೆಯಲ್ಲ, ನಮ್ಮ ಯಂತ್ರ ಬಿಟ್ರೆ ಈ ಚಳಿಗಾಲ ಪೂರ್ತಿ ಸೊನ್ನೆ ತೋರಿಸ್ತಿದೆ."

"ಮೊಲಗಳು ಅರ್ಜಿ ಹಾಕ್ಲಿ ಬಿಡಿ," ಎಂದ ರೌನೋ. ಪಶ್ಚಿಮ ಭಾಗ ಗುಡಿಸುವವನು, ಬಾಯಿ ತುಂಬ ಬನ್ನು.

"ದೀಪ ಹತ್ತುತ್ತೆ," ಎಂದಳು ಸಿರ್ಪಾ.

"ನೀವು ನೋಡಿದ್ರಾ?" ಯೊನ್ನಾ ಕೇಳಿದಳು. "ಯಾರಾದ್ರೂ ಇದ್ರಾ ಕೆಳಗೆ?"

ರೌನೋ ಅಗಿಯುವುದನ್ನು ನಿಲ್ಲಿಸಿದ. "ಹುಷಾರಕ್ಕ. ಕಲೆರ್ವೋನೂ ಹೀಗೇ ಶುರು ಮಾಡಿದ್ದ."

ಕಲೆರ್ವೋನ ಕಥೆ ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತು. ತನ್ನ ಯಂತ್ರದ ಮುಂದೆ ದಿನಾ ಯಾರೋ ಬೆನ್ನು ಹಾಕಿ ನಡೆಯುತ್ತಾರೆ ಎಂದು ಹೋದ ವರ್ಷ ಅವನು ಬಾಯಿಬಿಟ್ಟ. ಕತ್ತಲಲ್ಲಿ ಒಬ್ಬನೇ ಭಾರಿ ಯಂತ್ರ ಓಡಿಸುವವನು ಇಲ್ಲದ್ದನ್ನು ನೋಡುತ್ತಾನೆ ಎಂದರೆ ಡಾಕ್ಟರರ ಬಳಿ ಕಳಿಸಲೇಬೇಕು. ಕಣ್ಣು ನೋಡಿದರು, ನಿದ್ದೆಯ ಬಗ್ಗೆ ಕೇಳಿದರು, ಹೆಂಡತಿಯ ಬಗ್ಗೆ ಕೇಳಿದರು. ಈಗ ಅವನು ಉಗ್ರಾಣದಲ್ಲಿ ಸಲಿಕೆ ಜೋಡಿಸುತ್ತಾನೆ. ಕಿಟಕಿಯಿಂದ ಹೊರಗೆ ನೋಡುವುದಿಲ್ಲ.

"ಇಲ್ಲ," ಎಂದಳು ಸಿರ್ಪಾ. "ಸುಮ್ನೆ ಹೇಳ್ದೆ. ಥಂಡಿಗೆ ದೀಪ ಕೆಟ್ಟಿರಬೇಕು."

ಹೇಳಿದರೆ ಸೀಟು ಹೋಗುತ್ತದೆ. ಹೇಳದಿದ್ದರೆ ದಾರಿ ಹೋಗುತ್ತದೆ. ಆ ದಿನ ಮನೆಗೆ ಬಂದು ಆಲೂಗಡ್ಡೆ ಸುಲಿಯುತ್ತ ಅವಳು ಇದನ್ನೇ ಯೋಚಿಸಿದಳು. ದಾರಿಯಲ್ಲಿ ಹೋಗುವವರ ಬಗ್ಗೆ ಹೆದರಿಕೆ ಅವಳಿಗೆ ಅಷ್ಟಾಗಿ ಇರಲಿಲ್ಲ. ಅದು ಇದ್ದದ್ದು ಬೇರೆ ಕಡೆ. ದೀಪ ಆರಿಸಿದ ಮೇಲೆ, ಹಿಮ ಮೊಣಕಾಲುದ್ದ ಕೂತ ಮೇಲೆ, ಆ ಎರಡು ಗೆರೆಗಳು ಎಲ್ಲಿಗೆ ಹೋಗುತ್ತವೆ? ಹೋಗುವವರು ಯಾರೇ ಆಗಿರಲಿ, ಹೋಗುತ್ತಿದ್ದಾರೆ. ಹೋಗುವವರು ಇರುವಾಗ ದಾರಿ ಮುಚ್ಚುವುದು ಅವಳ ಕೆಲಸವಲ್ಲ.

ಭಾನುವಾರ ಹಿಮ ಬೀಳಲಿಲ್ಲ, ಹಾಗಾಗಿ ರಜೆ. ತಾಯಿಯ ಹಳೆಯ ಒದೆಬಂಡಿಯನ್ನು ಸೈಕಲ್ ಕೊಟ್ಟಿಗೆಯಿಂದ ಹೊರಗೆಳೆದು, ಪಟ್ಟಿಗಳ ತುಕ್ಕು ಉಜ್ಜಿ, ಬೆಳಕು ಹರಿಯುವ ಮೊದಲು ಕೊಳದ ದಾರಿಗೆ ಹೊರಟಳು. ಒಂದು ಸಲ ಹೋಗುವುದು, ವಾಪಸು ಹೆದ್ದಾರಿಯ ಬಸ್ಸಿನಲ್ಲಿ ಬರುವುದು. ಕಂಬ ಒಂದನ್ನಾದರೂ ಎಣಿಸಲಿ.

ತಾನೇ ಬಿಟ್ಟ ಅಂಚಿನ ಮೇಲೆ ಅವಳು ಹೋದದ್ದು ಅದೇ ಮೊದಲು. ಉಕ್ಕು ಹಿಮದ ಮೇಲೆ ರೇಷ್ಮೆ ಹರಿದ ಹಾಗೆ ಸದ್ದು ಮಾಡುತ್ತಿತ್ತು. ದೀಪಗಳು ಅವಳಿಗಾಗಿ ಬೆಳಗಿದವು. ಕೊಳದ ತಿರುವು ದಾಟಿದ ಮೇಲೆ ತನ್ನ ನೆರಳು ಮುಂದೆ ಉದ್ದವಾಗಿ ಬಿದ್ದಿರುವುದನ್ನು ಗಮನಿಸಿದಳು. ದಾಟಿ ಬಂದ ದೀಪ ಮಂಕಾಗಬೇಕಿತ್ತು, ಆಗಿರಲಿಲ್ಲ. ಒದೆಯುವುದನ್ನು ನಿಲ್ಲಿಸಿ ಜಾರಲು ಬಿಟ್ಟಳು. ಅವಳ ಕಾಲು ಸುಮ್ಮನಿದ್ದರೂ ಹಿಂದೆ ಎಲ್ಲೋ ಒಂದು ಕಾಲು ನೆಲ ಒದೆಯುತ್ತಿತ್ತು. ಒಂದೇ ಹದದಲ್ಲಿ, ವಯಸ್ಸಾದವರ ಹಾಗೆ, ನಡುನಡುವೆ ಉಸಿರು ತೆಗೆದುಕೊಂಡು.

ಎಣಿಕೆಯ ಕಂಬದ ಕೆಂಪು ಚುಕ್ಕೆ ದಾಟಿ ಅವಳು ಬಂಡಿ ನಿಲ್ಲಿಸಿದಳು. ಹಿಂದಿನ ಸದ್ದೂ ನಿಂತಿತು. ಬೆನ್ನಿಗೆ ಬೆಳಕು ಬೀಳುತ್ತಲೇ ಇತ್ತು. ತಿರುಗಿ ನೋಡಿದರೆ ಯಾರಾದರೂ ಇರಬಹುದು, ಇಲ್ಲದಿರಬಹುದು. ಎರಡರಲ್ಲಿ ಯಾವುದನ್ನು ನೋಡಿದರೂ ನಾಳೆ ಯಾರಾದರೂ ಕೇಳಿದಾಗ ಸುಳ್ಳು ಹೇಳಬೇಕಾಗುತ್ತದೆ. ಅವಳು ತಿರುಗಲಿಲ್ಲ. ಸ್ವಲ್ಪ ಹೊತ್ತಿಗೆ ಬೆಳಕು ತಾನಾಗಿ ಮಂಕಾಯಿತು.

ಸೋಮವಾರ ಯೊನ್ನಾ ಬನ್ನು ತರಲಿಲ್ಲ. ನಗುತ್ತ ಬಂದಳು.

"ಭಾನುವಾರ ಕೊಳದ ದಾರೀಲಿ ಎರಡು ಎಣಿಕೆ ಬಿದ್ದಿದೆ."

"ಎರಡಾ?" ಎಂದಳು ಸಿರ್ಪಾ.

"ಎರಡೇ, ಒಂದರ ಹಿಂದೆ ಒಂದು. ಒಂದೇ ಆಗಿದ್ರೆ ಕಂಬದ ತಪ್ಪು ಅಂತ ಅಳಿಸಿಬಿಡ್ತಿದ್ರಂತೆ, ಇಷ್ಟು ದಿನ ಹಾಗೇ ಮಾಡ್ತಿದ್ರಂತೆ. ದಿನಾ ಹೀಗೇ ಬರ್ತಿದ್ರೆ ದಾರಿ ಉಳಿಸ್ಕೋಬಹುದು ಅಂದಿದಾರೆ."

"ಯಾರೋ ಪ್ರೇಮಿಗಳು ಪಾಪ, ಮನೆಯಲ್ಲಿ ಜಾಗ ಇಲ್ಲ," ಎಂದ ರೌನೋ. "ಸಿರ್ಪಕ್ಕ, ನಿನ್ನ ದಾರಿ ತಾನೇ? ಯಾರಿರಬಹುದು?"

"ನಾನು ದಾರಿ ಗುಡಿಸೋಳಪ್ಪ," ಎಂದಳು ಅವಳು. "ಹೋಗೋರ ಹೆಸರು ಕೇಳೋಳಲ್ಲ."

ರೌನೋ ನಕ್ಕ. ಯೊನ್ನಾ ಮುಂದಿನ ವಾರದ ಹಿಮದ ಮಾತೆತ್ತಿದಳು. ಸಿರ್ಪಾ ಕಾಫಿ ಮುಗಿಸಿ, ಲೋಟ ತೊಳೆದು, ಕಿಟಕಿಯ ಬಳಿ ಒಂದು ಕ್ಷಣ ನಿಂತಳು. ನಾಳೆಯಿಂದ ಕೆಲಸಕ್ಕೆ ಬರಲು ಬಸ್ಸು ಬೇಡ. ಇನ್ನಷ್ಟು ಬೇಗ ಎದ್ದು, ಯಂತ್ರ ಹತ್ತುವ ಮೊದಲು, ದಿನಾ ಆ ದಾರಿಯಲ್ಲೇ ಒದೆದುಕೊಂಡು ಕೆಲಸಕ್ಕೆ ಬರುವುದು. ಆಯಾಸವಾದವರು ಹಿಂದೆ ಉಳಿಯದ ಹಾಗೆ ನಿಧಾನವಾಗಿ ಬರುವುದು. ಎಷ್ಟು ಚಳಿಗಾಲ ಬಂದರೂ ಒಮ್ಮೆಯೂ ಹಿಂದಿರುಗಿ ನೋಡದಿರುವುದು. ಇಷ್ಟನ್ನು ಅವಳು ಅಲ್ಲೇ, ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ, ಯಾರಿಗೂ ಹೇಳದೆ ತೀರ್ಮಾನಿಸಿದಳು.