ರಘುಪತಿ ಸರ್ ಚೀಟಿಯ ಕೆಳಗೆ

‘ಅವನು ನನಗೆ ತೃಣಸಮಾನ’ ಎಂದು ಯಾರಾದರೂ ಅಂದರೆ ವಿನೋದಾಗೆ ಮೈ ಉರಿಯುತ್ತದೆ. ಬೈಸಿಕೊಂಡವನ ಪರವಾಗಿ ಅಲ್ಲ, ಹುಲ್ಲಿನ ಪರವಾಗಿ. ಅಪ್ಪನ ಊರು ಬಾಗಲಕೋಟೆಯಾದರೂ ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ಕಲ್ಯಾಣದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾಳೆ. ಒಣಗಿಸಿದ ಗಿಡಗಳನ್ನು ಹಾಳೆಗೆ ಹೊಲಿದು, ಹೆಸರಿನ ಚೀಟಿ ಅಂಟಿಸಿ ಕಾಪಾಡುವ ಅಲ್ಲಿನ ಹರ್ಬೇರಿಯಮ್ಮಿನ ಉಸ್ತುವಾರಿಯೂ ಅವಳದೇ. ಲೋಕಲ್ ರೈಲಿನಲ್ಲಿ ಅವಳ ತೊಡೆಯ ಮೇಲೆ ಗಿಡಗಳನ್ನು ಒತ್ತಿಟ್ಟ ಹಳೇ ಪೇಪರಿನ ಕಟ್ಟೊಂದು ಇದ್ದೇ ಇರುತ್ತದೆ. ಅದರ ಮೇಲೆ ಯಾರಾದರೂ ಊಟದ ಡಬ್ಬಿ ಇಟ್ಟರೋ, ಮುಗಿಯಿತು ಅವರ ಕಥೆ.

ಕಳೆದ ಮಳೆಗಾಲದ ಕೊನೆಗೆ ದಿವಾ ಸ್ಟೇಷನ್ನಿನ ಹಿಂದಿನ ಗುಡ್ಡದ ಬಂಡೆಯ ಮೇಲಿಂದ ಒಂದು ಹುಲ್ಲು ತಂದಳು. ಅದನ್ನು ಗುರುತಿಸಿದವರು ಅವಳ ಗುರುಗಳು, ಮೈಸೂರಿನ ರಘುಪತಿ ಸರ್. ಅದೇ ಕಾಲೇಜಿನಿಂದ ನಿವೃತ್ತರಾಗಿ ಸೀವುಡ್ಸ್‌ನಲ್ಲಿದ್ದರೂ ಕಾಲೇಜಿನಲ್ಲಿ ಅವರ ಮಾತೇ ಕೊನೆ ಮಾತು. ಸುಮ್ಮನೆ ಕಣ್ಣಾಡಿಸಿ, ಗದ್ದೆಯ ಮಾಮೂಲಿ ಕಳೆಯ ಹೆಸರು ಬರೆದು, ಸಹಿ ಹಾಕಿ ಚೀಟಿ ಅಂಟಿಸಿದರು. ವಿನೋದಾಗೆ ಸಂಶಯ ಬಂತು. ಗುರುಗಳಲ್ಲವೇ ಎಂದು ಬಾಯಿ ಮುಚ್ಚಿಕೊಂಡಳು.

ದೀಪಾವಳಿಗೆ ಮೊದಲು ಮ್ಯಾನೇಜ್‌ಮೆಂಟಿನ ಅಪ್ಪಣೆ ಬಂತು: ಹರ್ಬೇರಿಯಮ್ಮಿನ ಅರ್ಧ ಕೋಣೆ ಬೇರೆ ವಿಭಾಗಕ್ಕೆ, ಒಂದೇ ಜಾತಿಯ ಹೆಚ್ಚುವರಿ ಹಾಳೆಗಳೆಲ್ಲ ರದ್ದಿಗೆ. ಗದ್ದೆಕಳೆಯ ಹಾಳೆಗಳಂತೂ ಬೀರುವಿನ ತುಂಬ ಇದ್ದವು. ದಿವಾದ ಹಾಳೆಯೂ ಅದೇ ರಾಶಿಗೆ ಬಿತ್ತು. ಹಳೇ ಸಂಶಯ ತೀರಿಸಿಕೊಳ್ಳಲು ಇನ್ನೊಂದು ತರೋಣವೆಂದು ಓಡಿದರೆ ಗುಡ್ಡದ ಆ ಮಗ್ಗುಲನ್ನೇ ಜೆಸಿಬಿ ಕೆರೆದು ಹಾಕಿತ್ತು. ಆ ಹುಲ್ಲು ಅಲ್ಲಿತ್ತು ಎನ್ನಲು ಇನ್ನು ಉಳಿದದ್ದು ಈ ಹಾಳೆಯೊಂದೇ. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು.

ರಾಶಿಯಿಂದ ಹಾಳೆ ಎತ್ತಿಕೊಂಡು, ತೆನೆಯ ಒಂದು ಕಾಳನ್ನು ನೆನೆಸಿ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಗದ್ದೆಕಳೆಯ ಸಿಪ್ಪೆಯ ಮೇಲೆ ಎದ್ದು ಕಾಣುವ ಅಡ್ಡಗೆರೆಗಳಿರುತ್ತವೆ. ಇದರದು ನುಣುಪು, ಅಂಚಿನಲ್ಲಿ ಮಾತ್ರ ಸಣ್ಣ ಗಂಟುಗಳು. ಇದು ಬಂಡೆಯ ಮೇಲೆ ಬೆಳೆಯುವ ಬೇರೆಯದೇ ಜಾತಿ, ರದ್ದಿಗೆ ಹೋಗಬೇಕಾದ ಹೆಚ್ಚುವರಿ ಹಾಳೆಯಲ್ಲ. ಕೂಡಲೇ ಸರ್‌ಗೆ ಫೋನ್ ಮಾಡಿ ಕರೆಸಿದಳು.

“ಏನಮ್ಮಾ, ನನ್ನ ಕಣ್ಣನ್ನೇ ಅನುಮಾನಿಸ್ತೀಯಾ? ನಿಮಗೆಲ್ಲ ಹುಲ್ಲು ನೋಡೋದು ಹೇಳಿಕೊಟ್ಟೋನೇ ನಾನು” ಎಂದರು ಬರುತ್ತಲೇ.

“ಆತ್ರೀ ಸರ್. ಒಮ್ಮೆ ಬಗ್ಗಿ ನೋಡ್ರಿ. ಆಮ್ಯಾಲ ಬೈರಿ, ಚಲೇಗಾ, ನಡೀತೈತಿ.”

ಬಗ್ಗಿದವರು ಕಾಳನ್ನು ಸೂಜಿಯಿಂದ ತಿರುಗಿಸಿ ಅಂಚಿನ ಗಂಟುಗಳನ್ನು ಒಂದೊಂದಾಗಿ ಎಣಿಸಿದರು. ತಲೆ ಎತ್ತಿದಾಗ ದನಿ ಇಳಿದಿತ್ತು. “ನೀನು ಹೇಳಿದ್ದೇ ಸರಿ. ಹೊಸ ಚೀಟಿ ಬರಿ. ನನ್ನದನ್ನ ಕಿತ್ತು ಹಾಕಿಬಿಡು, ನಾಳೆ ನೋಡಿದೋರು ನಗ್ತಾರೆ.”

ವಿನೋದಾ ಹೊಸ ಹೆಸರು ಬರೆದು, ಸಹಿ ಹಾಕಿ, ಚೀಟಿಯನ್ನು ಅವರ ಚೀಟಿಯ ಕೆಳಗೇ ಅಂಟಿಸಿ ಹೆಬ್ಬೆರಳಿನಿಂದ ಒತ್ತಿದಳು.

“ಹಳೇ ಚೀಟಿ ಕೀಳಂಗಿಲ್ರೀ ಸರ್. ತಪ್ಪೂ ಇರಬೇಕು, ಸರಿನೂ ಅದರ ಬಗಲಾಗ ಇರಬೇಕು. ಫಸ್ಟ್ ಇಯರ್‌ದಾಗ ನೀವ ಕಲಿಸಿದ್ದು.”

“ಗುರುವಿನ ಮೇಲೂ ಇಷ್ಟು ಹಟವಾ?”

“ಹೌದ್ರೀ. ಗುಡ್ಡಾನ ಕಿತ್ತಾರ. ಇನ್ನ ಈ ಹಾಳ್ಯಾಗಿಂದ ಏನೂ ಕೀಳಾಕ ಬಿಡಂಗಿಲ್ಲ,” ಎಂದು ಹಾಳೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು.