ಟೈಲರಣ್ಣನ ಸುತ್ತಳತೆ

ಟೈಲರಣ್ಣ ಹೊಲಿಯಲು ಕೂತರೆ ಹೊಟ್ಟೆ ಮಿಷನ್ನಿನ ಹಲಗೆಗೆ ಒತ್ತಿಕೊಳ್ಳುತ್ತಿತ್ತು. ಅವನ ಅಂಗಿಗಳೆಲ್ಲ ಅದೊಂದೇ ಜಾಗದಲ್ಲಿ ಸವೆದು ಬಿಳಿಚಿಕೊಂಡಿದ್ದವು. ಕೈಕಾಲು ಮಾತ್ರ ಕಡ್ಡಿ. ಬಿಳಿಕೆರೆಯ ಬಸ್‌ಸ್ಟ್ಯಾಂಡಿನ ಪಕ್ಕದ ಆ ಅಂಗಡಿಯಲ್ಲಿ, ಶಾಲೆ ಬಿಟ್ಟು ಬಸ್ಸಿಗೆ ಕಾಯುವ ಮೇಷ್ಟ್ರಾದ ನನಗೆ ಒಂದು ಸ್ಟೂಲು ಖಾಯಂ ಆಗಿತ್ತು.

ಅಳತೆಯ ವಿಷಯದಲ್ಲಿ ಅವನಿಗೆ ದಾಕ್ಷಿಣ್ಯವೇ ಇರಲಿಲ್ಲ. ಮದುವೆ ಗಂಡು ಹೊಟ್ಟೆ ಒಳಗೆಳೆದುಕೊಂಡು ನಿಂತರೆ, ಟೇಪು ಹಿಡಿದೇ ಊರ ಸುದ್ದಿ ಮಾತಾಡುತ್ತ ಕಾಯುವನು. ಪಾಪ, ಆ ಗಂಡು ಎಷ್ಟು ಹೊತ್ತು ಉಸಿರು ಕಟ್ಟೀತು. ಬಿಟ್ಟ ಮೇಲೆ ಬರೆದುಕೊಂಡು, “ಉಣ್ಣೋ ಒಟ್ಟೆ ಕಣಪ್ಪ, ನೀನು ಮುಚ್ಚಿಟ್ರೆ ಗುಂಡಿ ಸುಮ್ಕಿದ್ದದಾ?” ಎನ್ನುತ್ತಿದ್ದ. ಮುಂದೆ ಬಿಚ್ಚಿ ಅಗಲ ಮಾಡಲೆಂದು ಹೊಲಿಗೆಯೊಳಗೆ ಬಟ್ಟೆ ಉಳಿಸುತ್ತಿದ್ದ. ತನ್ನ ಪ್ಯಾಂಟನ್ನೂ ಹಾಗೆಯೇ ವರ್ಷಾವರ್ಷ ಬಿಚ್ಚಿ ಬಿಚ್ಚಿ ತೊಟ್ಟ. ಬಿಗಿಯಾದರಲ್ಲವೇ ಹೊಟ್ಟೆ ಬಂದದ್ದು ಗೊತ್ತಾಗುವುದು.

ಎರಡು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಬಂತು. ಹುಣಸೂರಿನ ಡಾಕ್ಟರನ್ನು ಕಂಡು ಬಂದವನ ಮುಖ ಸಪ್ಪಗಿತ್ತು.

“ಬರೀ ಕೊಬ್ಬು ಅಂದ್ಕಂಡಿದ್ದೆ ಮೇಷ್ಟ್ರೇ. ಒಟ್ಟೆ ಒಳಗೆ ಕೊಬ್ಬು ಜಾಸ್ತಿ ಇರೋರ ರಕ್ತದಲ್ಲಿ ಕರುಳಿನ ಬ್ಯಾಕ್ಟೀರಿಯಾದ ವಿಸಾನೂ ಜಾಸ್ತಿ ಇರ್ತದಂತೆ ಕಣ್ರೀ. ದಿನಾ ಚೂರುಚೂರೇ ಜಿನುಗಿ ಮೈಯೊಳಗೆ ಉರಿ ಎಬ್ಬಿಸ್ತದಂತೆ. ಆಮೇಲೆ ಎದೆಗೂ ಕುತ್ತು ಅಂದ್ರು.”

ನಡೆಯಬೇಕು, ಊಟ ಕಡಿಮೆ ಮಾಡಬೇಕು; ಮೂರು ತಿಂಗಳಲ್ಲಿ ಸೊಂಟದ ಸುತ್ತಳತೆ ಇಳಿಯದಿದ್ದರೆ ಹೃದಯದ ಪರೀಕ್ಷೆಗೆ ಬರಬೇಕು ಎಂದಿದ್ದರು ಡಾಕ್ಟರು. ತನ್ನ ಸೊಂಟವನ್ನು ತಾನೇ ಅಳೆದರೆ ಕೈ ಮೋಸ ಮಾಡುತ್ತದೆಂದು ಟೇಪನ್ನು ನನಗೆ ಕೊಟ್ಟ. ಅಂದಿನ ಅಳತೆ ನಲವತ್ತನಾಲ್ಕು ಇಂಚು.

ಮೂರು ತಿಂಗಳು ಬೆಳಿಗ್ಗೆ ಎದ್ದು ಕೆರೆ ಏರಿಯ ಮೇಲೆ ನಡೆದ. ಎರಡು ಮುದ್ದೆ ಉಣ್ಣುತ್ತಿದ್ದವನು ಒಂದಕ್ಕೆ ಇಳಿದ. ಕೊನೆಗೆ ಅಳೆದೆ: ಅದೇ ನಲವತ್ತನಾಲ್ಕು. ಅವನು ಕತ್ತು ಬಗ್ಗಿಸಿದರೂ ಹೊಟ್ಟೆಯ ಮರೆಗೆ ಟೇಪು ಕಾಣದೆ ನನ್ನ ಮುಖವನ್ನೇ ನೋಡುತ್ತಿದ್ದ. ಇದ್ದದ್ದು ಹೇಳಲು ನನಗೆ ಬಾಯಿ ಬರಲಿಲ್ಲ.

“ನಲವತ್ತೆರಡು, ಟೈಲರಣ್ಣ.”

“ದಿಟವಾ?”

“ದಿಟ.”

“ಅಂಗಾರೆ ಡಾಕ್ಟ್ರತ್ರ ಓಗೋದು ಬ್ಯಾಡ ಬುಡಿ” ಎಂದು ನಕ್ಕು ಟೀ ತರಿಸಿದ. ನಾನು ಕುಡಿದೆ. ನಾಳೆ ನಿಜ ಹೇಳೋಣ ಅಂದುಕೊಂಡೆ. ಆ ನಾಳೆಯನ್ನು ದಿನಾ ಮುಂದೂಡಿದೆ.

ಎರಡು ತಿಂಗಳಿಗೆ ಟೈಲರಣ್ಣ ಅರ್ಧ ಹೊಲಿದ ಅಂಗಿಯ ಮೇಲೇ ಕುಸಿದ. ಹೃದಯಾಘಾತ ಎಂದರು. ಪರೀಕ್ಷೆ ಮಾಡಿಸಿದ್ದರೆ ಉಳಿಯುತ್ತಿದ್ದನೋ ಇಲ್ಲವೋ, ಯಾರಿಗೆ ಗೊತ್ತು. ಹಾಗೆಂದು ಸಮಾಧಾನ ಮಾಡಿಕೊಳ್ಳುವ ಹಕ್ಕು ನನಗಿಲ್ಲ. ಅವನ ಹೊಟ್ಟೆಗೆ ನಾಚಿಕೆಯಾಗದಿರಲಿ ಎಂದು ಅವನ ಜೀವದ ಮೇಲೆ ಸುಳ್ಳು ಹೇಳಿದವನು ನಾನು.

ತಿಥಿಯ ದಿನ ಅವನ ಹೆಂಡತಿಗೆ ಎಲ್ಲ ಹೇಳಿಬಿಡಬೇಕೆಂದೇ ಹೋದೆ. ನನ್ನನ್ನು ಕಂಡು ಆಕೆ ಎದ್ದು ಬಂದರು.

“ಮೇಷ್ಟ್ರು ಅಳೆದವ್ರೆ, ಇಳಿದದೆ ಅಂತ ಅವತ್ತು ಎಷ್ಟು ಕುಸಿಯಾಗಿದ್ರು ಸಾ. ಎಲ್ರಿಗೂ ಯೋಳ್ಕಂಡು ಬಂದ್ರು” ಎಂದು ಕೈಮುಗಿದರು.

ನಾನೂ ಕೈಮುಗಿದೆ. ಎಲೆ ಹಾಕಿದರು. ಕೂತು ಉಂಡು ಬಂದೆ.